ಬೆನ್ನ ಹಿಂದಿನ ಎಡಗೈ

ರಾವಸಾಬ ಮಿಸ್ತ್ರಿಯನ್ನು ಮೊದಲ ಬಾರಿ ಕಂಡವರು ಅವನಿಗೆ ಒಂದೇ ಕೈ ಎಂದು ತಿಳಿಯುತ್ತಿದ್ದರು. ಬ್ಯಾಟರಿ ಗಾಡಿಯೊಂದನ್ನು ಬಿಚ್ಚಿದೊಡನೆ ಅವನ ಎಡಗೈ ಬೆನ್ನ ಹಿಂದೆ ಸರಿದು ಸೊಂಟದ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. “ಒಂದ ಕೈ ಇಟ್ರ ಕೈ ಸುಡತೈತ್ರಿ. ಎರಡೂ ಇಟ್ರ ಕರೆಂಟ ಎದಿ ಹಾದು ಹೋಗತೈತಿ,” ಎನ್ನುತ್ತಿದ್ದ.

ರಾಯಬಾಗದಲ್ಲಿ ಅವನು ಮೊದಲು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದವನು. ಬ್ಯಾಟರಿ ಗಾಡಿಗಳಿಗೆ ಎಂದಿನಿಂದ ಕೈ ಹಾಕಿದನೆಂದು ಮೂವರನ್ನು ವಿಚಾರಿಸಿದೆ. ಮೂವರೂ ಬೇರೆ ಬೇರೆ ವರ್ಷ ಹೇಳಿದರು. ಆದುದರಿಂದ ಯಾವುದನ್ನೂ ಬರೆಯಲಾರೆ.

ಒಮ್ಮೆ ಮುಗಳಖೋಡದಲ್ಲಿರುವ ನಾದಿನಿಯ ಮನೆಯಿಂದ ಪತ್ನಿಯೊಡನೆ ನಮ್ಮ ಬ್ಯಾಟರಿ ಸ್ಕೂಟರಿನಲ್ಲಿ ಮರಳುವಾಗ, ಹಿಂದಿನ ಚಕ್ರವನ್ನು ಯಾರೋ ಒಳಗಿನಿಂದ ಹಿಡಿದೆಳೆದಂತಾಯಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರ್. ಅದು ನಿಂತಾಗ ಎಂಜಿನ್ನಿನ ಕಾವು ಅವಳ ಬೆನ್ನಿಗೆ ತಾಗುತ್ತಿತ್ತು. “ನಾ ಇನ್ನ ಇದನ್ನ ಹತ್ತಂಗಿಲ್ರಿ,” ಎಂದಳು. ಬಸ್ಸಿನ ಮೆಟ್ಟಿಲೇರಲು ಅವಳ ಮೊಣಕಾಲು ಒಪ್ಪುವುದಿಲ್ಲ. ತಂಗಿಯ ಮನೆಯ ದಾರಿ ಅಂದಿಗೆ ಮುಚ್ಚಿದಂತಾಯಿತು.

ಗಾಡಿಯನ್ನು ರಾವಸಾಬನ ಅಂಗಡಿಗೆ ತಲುಪಿಸಿದೆವು. ಅವನು ಚಕ್ರವನ್ನು ಕೈಯಿಂದ ತಿರುಗಿಸಿದ, ತಡೆತಡೆದು ಉರುಳಿತು. ಮೋಟಾರಿನ ಮೂರು ದಪ್ಪ ತಂತಿಗಳನ್ನು ಕಳಚಿ ಮತ್ತೆ ತಿರುಗಿಸಿದ, ಗಾಳಿಗಿರಣಿಯಂತೆ ಸುತ್ತಿತು. “ಮೋಟಾರ ಚಲೋ ಐತ್ರಿ. ಅದನ್ನ ನಡಸೂ ಕಂಟ್ರೋಲರ್ ಪೆಟಗಿ ಒಳಗ ಸುಟ್ಟೈತಿ.”

ಬ್ಯಾಟರಿ ಬೇರ್ಪಟ್ಟಿದೆಯೆಂಬ ಧೈರ್ಯದಿಂದ ನಾನು ಆ ಪೆಟ್ಟಿಗೆಯ ತಂತಿಯತ್ತ ಕೈ ಚಾಚಿದೆ.

“ಕೈ ತಗೀರಿ ಸಾಹೇಬ್ರ!”

ಅವನು ಅದಕ್ಕೊಂದು ಬಲ್ಬು ತಾಗಿಸಿದ. ಬ್ಯಾಟರಿಯಿಲ್ಲದೆಯೇ, ಒಳಗೆ ಉಳಿದಿದ್ದ ವಿದ್ಯುತ್ತಿನಿಂದ ಬಲ್ಬು ಉರಿಯಿತು. ಮೆಲ್ಲಗೆ ಕೆಂಪಾಗಿ ಆರಿತು. ಅವನ ಹಣೆ ಬೆವೆತಿತ್ತು.

“ನಿನಗೂ ಅಂಜಿಕೆಯೇ?”

“ಅಂಜಿಕಿ ಐತಿ ಅಂತನ ಹೆಂಡ್ತಿ ಇನ್ನೂ ಕುಂಕುಮ ಹಚ್ಕೊಂತಾಳ್ರಿ.”

ಸುಟ್ಟ ಬಿಡಿಭಾಗಗಳನ್ನು ಕಿತ್ತು ಹೊಸವನ್ನು ಬೆಸೆದ ಮೇಲೆ ಅವನದೊಂದು ಪದ್ಧತಿಯಿತ್ತು: ಹೆಂಡತಿ ಕಸ್ತೂರಿಯನ್ನು ಹಿಂದೆ ಕೂರಿಸಿಕೊಂಡು ಸುತ್ತಿ ಬರದೆ ಗಾಡಿಯನ್ನು ಒಪ್ಪಿಸುತ್ತಿರಲಿಲ್ಲ. ಆಕೆ ಹಿಟ್ಟಿನ ಕೈಯಲ್ಲೇ ಬಂದಳು.

“ಗಾಡಿಗೋಳಿಗೆಲ್ಲಾ ಇನ್ಶೂರೆನ್ಸ್ ಅದಾವ್ರಿ ಅಕ್ಕಾರ. ನನಗಷ್ಟ ಇಲ್ಲ!” ಎಂದು ನನ್ನ ಪತ್ನಿಗೆ ಹೇಳಿ ಹತ್ತಿ ಕುಳಿತಳು.

“ಸುಮ್ನ ಕುಂದ್ರ ಬೇ. ಬಿದ್ರ ಇಬ್ರೂ ಬೀಳ್ತೀವಿ.”

ನಗುತ್ತ ಮರಳಿ ಇಳಿದ ಕಸ್ತೂರಿಯನ್ನು ಕಂಡ ಮೇಲೆಯೇ ನನ್ನ ಪತ್ನಿ ಸೆರಗು ಸಿಕ್ಕಿಸಿ ಹತ್ತಿದಳು. ಅವಳ ಬೆರಳುಗಳು ಮನೆಯವರೆಗೂ ನನ್ನ ಭುಜದಲ್ಲಿ ನೆಟ್ಟಿದ್ದವು.

ರಾವಸಾಬನನ್ನು ಕಡೆಯ ಬಾರಿ ಕಂಡದ್ದು ಆಸ್ಪತ್ರೆಯಲ್ಲಿ. ಎದೆಗೆ ತಂತಿಗಳನ್ನು ಅಂಟಿಸುತ್ತಿದ್ದರು. ಎಡಗೈ ಬೆನ್ನಡಿಗೆ ಸರಿದಿತ್ತು. ನರ್ಸ್ ಎಳೆದು ಹೊರಗಿಟ್ಟರೂ ಮತ್ತೆ ಸರಿಯಿತು. ಅದು ಅವನ ಕೊನೆಯ ವಾರ. ಅವನು ತೀರಿಕೊಂಡ ದಿನಾಂಕವನ್ನು ಈ ಬಾರಿ ಯಾರನ್ನೂ ಕೇಳಿ ತಾಳೆ ನೋಡಿಲ್ಲ.

ಈಗ ಹೊರಡುವ ಮುನ್ನ ನಾನೇ ಚಕ್ರವನ್ನು ತಿರುಗಿಸಿ ನೋಡುತ್ತೇನೆ. ಇಂದು ಬೆಳಿಗ್ಗೆ ಅದು ಒಂದು ಕಡೆ ತುಸು ತಡೆಯಿತು. ತಡೆದದ್ದು ಚಕ್ರವೋ ನನ್ನ ಕೈಯೋ ತಿಳಿಯಲಿಲ್ಲ. ತಂಗಿಗೆಂದು ಹೋಳಿಗೆಯ ಡಬ್ಬಿ ಹಿಡಿದು ಪತ್ನಿ ಬಾಗಿಲಲ್ಲಿ ನಿಂತಿದ್ದಳು.

“ಗಾಲಿ ಹಗುರ ತಿರಗತೈತೇನ್ರಿ?”

ಬಲಗೈಯಿಂದ ಚಕ್ರವನ್ನು ಇನ್ನೊಮ್ಮೆ ತಿರುಗಿಸಿದೆ. ಅವಳು ನನ್ನ ಮುಖವನ್ನು ನೋಡಲಿಲ್ಲ. ಬೆನ್ನ ಹಿಂದೆ ಸೇರಿದ್ದ ನನ್ನ ಎಡಗೈಯನ್ನು ನೋಡಿ, ಡಬ್ಬಿಯೊಡನೆ ಒಳಗೆ ಹೋದಳು.