ಬೆಳಕಿಗೆ ಚಾಚಿದ ಕೈ

ನಮ್ಮೂರು ಕೋಗಿಲಿನಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯ ಅಜ್ಜಿಗೆ ಪಿಂಚಣಿ ನಿಂತುಹೋಗಿತ್ತು. ಗಂಡ ಫ್ಯಾಕ್ಟರಿಯಲ್ಲಿದ್ದವರು, ಅವರು ತೀರಿಕೊಂಡ ಮೇಲೆ ಆ ಪಿಂಚಣಿ ಇವರಿಗೆ ಬರುತ್ತಿತ್ತು. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕು. ಈ ಸಲ ಸೈಬರ್ ಸೆಂಟರಿನಲ್ಲಿ ಬೆರಳು ಒತ್ತಿಸಿ ಒತ್ತಿಸಿ ನೋಡಿದರಂತೆ, ಮೆಷೀನು ಒಪ್ಪಲಿಲ್ಲ. ದ್ರಾಕ್ಷಿ ತೋಟದಲ್ಲಿ ಕಳೆ ಕಿತ್ತ ಕೈ, ಸಗಣಿ ಬಾಚಿದ ಕೈ. ಆ ಬೆರಳುಗಳಲ್ಲಿ ಗೆರೆ ಎಲ್ಲಿ ಉಳಿದೀತು?

ಅವರಿಗೆ ಸಕ್ಕರೆ ಕಾಯಿಲೆ. ಸೊಸೆಯ ಹತ್ತಿರ ದುಡ್ಡು ಕೇಳುವುದಕ್ಕೆ ನಾಚಿಕೆಯಾಗಿ ಸಂಜೆಯ ಇನ್ಸುಲಿನ್ ಬಿಟ್ಟುಬಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಬೆರಳಿನ ಬದಲು ಫೋನಿನಲ್ಲೇ ಮುಖ ತೋರಿಸಿದರೂ ಸಾಕು ಅಂತ ಯಾರೋ ಹೇಳಿದ್ದರು. ಶುಕ್ರವಾರ ಪೂಜೆ ಮುಗಿಸಿ ಅವರ ಮನೆಗೆ ಹೋದೆ.

ಕರೆಂಟ್ ಇರಲಿಲ್ಲ. ಪಕ್ಕದ ಹೊಲದಲ್ಲಿ ಬಿಲ್ಡಿಂಗ್ ಎದ್ದ ಮೇಲೆ ಆ ಮನೆಯ ಬಾಗಿಲಿಗೂ ಬಿಸಿಲಿಲ್ಲ. ನೆಟ್‌ವರ್ಕ್ ಮಾತ್ರ ಇತ್ತು, ಅಷ್ಟಾದರೂ ದೇವರು ಕೊಟ್ಟ. ಆಧಾರ್ ನಂಬರ್ ಹಾಕಿದೆ, ಓಟಿಪಿ ಬಂತು. ಮುಖ ತೋರಿಸುವಲ್ಲಿಗೆ ಬಂದಾಗ ಬೆಳಕು ಸಾಲದು ಅಂತ ಫೋನು ನಿಂತಿತು. ನಮ್ಮ ಯಜಮಾನರ ಹಳೇ ಫೋನು ಬ್ಯಾಗಿನಲ್ಲಿತ್ತು. ಅದರ ಟಾರ್ಚ್ ಹಾಕಿ ಅಜ್ಜಿಯ ಮುಖಕ್ಕೆ ಹಿಡಿದು, ಬೆಳಕು ಸರಿಯಾಗಿ ಬೀಳಲಿ ಅಂತ ಆಚೀಚೆ ಆಡಿಸಿದೆ.

ಅಜ್ಜಿ ಕಣ್ಣು ಮುಚ್ಚಿ, ಎರಡೂ ಕೈ ಬೆಳಕಿಗೆ ಚಾಚಿ, ಕಣ್ಣಿಗೊತ್ತಿಕೊಂಡರು.

"ಅಜ್ಜಿ, ಇದು ಮಂಗಳಾರತಿ ಅಲ್ಲ. ಕಣ್ಣು ಬಿಟ್ಟು, ರೆಪ್ಪೆ ಬಡೀಬೇಕು."

"ಗೊತ್ತು ಕಣವ್ವ. ದೀಪ ಮುಂದಕ್ ಬಂದ್ರೆ ಕೈ ತಾನಾಗೇ ಓಯ್ತದೆ. ಬೇಕಂತ ಮಾಡ್ತೀನಾ?"

ಮತ್ತೆ ಮಾಡಿದೆವು. ಮತ್ತೆ ಕೈ ಬಂತು, ಮುಖ ಮುಚ್ಚಿತು. ಫೋನಿನಲ್ಲಿ ಕೆಂಪು ಗುರುತು ಬಂತು.

"ಪೂಜಾರಪ್ಪನೂ ಇಷ್ಟೊತ್ತು ಆರತಿ ಎತ್ತಾಕಿಲ್ಲ," ಅಂದರು. "ನಾನ್ ಬದ್ಕಿರೋದು ನಿನ್ ಕಣ್ಣಿಗೆ ಕಾಣ್ತದಲ್ವಾ? ನೀನೇ ಬರ್ದು ಕಳ್ಸು."

"ನಾನು ಹೇಳಿದ್ರೆ ನಂಬಲ್ಲ ಅಜ್ಜಿ."

"ಮತ್ಯಾರು ಏಳಿದ್ರೆ ನಂಬ್ತಾರೆ?"

ಟಾರ್ಚ್ ಹಾಕಿದ ಫೋನನ್ನು ಗೋಡೆಯ ಗೂಡಿನಲ್ಲಿ ಒರಗಿಸಿದೆ. ಎಡಗೈಯಲ್ಲಿ ಅವರ ಎರಡೂ ಮಣಿಕಟ್ಟು ಸೇರಿಸಿ ಗಟ್ಟಿಯಾಗಿ ಹಿಡಿದೆ. ಒಂದೇ ಕೈಗೆ ಎರಡೂ ಸಿಕ್ಕವು, ಅಷ್ಟು ಸಣ್ಣ. ಬಲಗೈಯಲ್ಲಿ ನನ್ನ ಫೋನು. ಬೆಳಕಿನ ಕಡೆ ಮುಖ ತಿರುಗಿಸಿದೊಡನೆ ಆ ಕೈಗಳು ನನ್ನ ಹಿಡಿತದೊಳಗೆ ಮೇಲೇಳುವುದಕ್ಕೆ ಒದ್ದಾಡಿದವು. ನಾನು ಬಿಡಲಿಲ್ಲ. ನಮ್ಮಮ್ಮನ ಕೊನೆಯ ದಿನಗಳಲ್ಲಿ, ಡ್ರಿಪ್ ಕಿತ್ತುಕೊಳ್ಳದಿರಲಿ ಅಂತ ಆಸ್ಪತ್ರೆಯಲ್ಲಿ ನಾನು ಹೀಗೇ ಹಿಡಿದು ಕೂತಿದ್ದೆ. ಅದೇ ಜೋರು ಇವರ ಕೈಯಲ್ಲೂ ಇತ್ತು.

"ರೆಪ್ಪೆ, ಅಜ್ಜಿ."

ಬಡಿದರು. ಹಸಿರು ಗುರುತು ಬಂತು.

"ಆಯ್ತು," ಅಂದೆ. "ದುಡ್ಡು ಬರೋಕೆ ಇನ್ನೂ ಸ್ವಲ್ಪ ದಿನ ಆಗುತ್ತಂತೆ. ಅಲ್ಲೀವರೆಗೆ ಔಷಧಿ ನಾನು ತಂದ್ಕೊಡ್ತೀನಿ. ಸಂಜೆದು ಬಿಡಬೇಡಿ."

"ಮುಂದ್ಲೊರ್ಸಾನೂ ಇಂಗೇ ಇಡ್ಕಬೇಕಾ?"

"ಹೂಂ, ಅಜ್ಜಿ."

"ಇದ್ರೆ ತಾನೆ," ಅಂದರು. "ಈಗ ಬುಡವ್ವ ಕೈಯ."

ಆಗಲೇ ನೋಡಿಕೊಂಡೆ, ನಾನಿನ್ನೂ ಹಿಡಿದೇ ಇದ್ದೆ. ಬಿಟ್ಟೆ. ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ಗುರುತು ಕೂತಿತ್ತು. ಅದನ್ನು ಅವರು ಉಜ್ಜಿಕೊಳ್ಳಲೂ ಇಲ್ಲ. ಗೂಡಿನಲ್ಲಿ ಇನ್ನೂ ಉರಿಯುತ್ತಿದ್ದ ಟಾರ್ಚಿನ ಕಡೆ ತಿರುಗಿ, ಎರಡೂ ಕೈ ಚಾಚಿ, ನಿಧಾನವಾಗಿ ಕಣ್ಣಿಗೊತ್ತಿಕೊಂಡರು.

ಅವರು ಮುಗಿಸುವ ತನಕ ನಾನು ಟಾರ್ಚ್ ಆರಿಸಲಿಲ್ಲ.