ನಾಲ್ಕು ಟಗರಿನ ತಲೆ

ನಾನು ಸೊಸೆಯಾಗಿ ಈ ಮನೆಗೆ ಬಂದ ದಿನ ಮಾವ ಮೊದಲು ಪರಿಚಯ ಮಾಡಿಸಿದ್ದು ಎರಡು ಹೂದಾನಿಗಳನ್ನು. ಮೈದುನನ ಸರದಿ ಬಂದದ್ದು ಆಮೇಲೆ. ಫ್ರಾನ್ಸಿನ ಹಳೇ ಕಾಲದ ಕಡುನೀಲಿ ಪಿಂಗಾಣಿ. ಅಡಿಗೂ ಕೊರಳಿಗೂ ಚಿನ್ನದ ನೀರು ಕೊಟ್ಟ ಕಂಚಿನ ದ್ರಾಕ್ಷಿಬಳ್ಳಿ, ಹಿಡಿಗಳ ಜಾಗದಲ್ಲಿ ಟಗರಿನ ತಲೆ. ಹಾನುಬಾಳಿನ ಕಡೆ ಬಿಳಿ ದೊರೆಗಳ ಕಾಲದ ಬಂಗಲೆಯೊಂದರ ಸಾಮಾನು ಹರಾಜಾದಾಗ ಮಾವ ಇವನ್ನು ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ತಂದರಂತೆ. ತಮ್ಮ ಮಕ್ಕಳನ್ನು ಹಾಗೆ ತಂದದ್ದು ಯಾರಿಗೂ ನೆನಪಿಲ್ಲ.

ಆ ಹೂದಾನಿಗಳಿಗೆ ಹೂವು ಇಡುವ ಹಾಗಿಲ್ಲ. ಹತ್ತಿರ ನಿಂತು ಸೀನುವ ಹಾಗಿಲ್ಲ. ಬನಿಯನ್ನಿನಲ್ಲೇ ಕಾಫಿ ಕಣದಲ್ಲಿ ದಿನವಿಡೀ ನಿಲ್ಲುವ ಮನುಷ್ಯ ಅವಿದ್ದ ಕೋಣೆಗೆ ಹೋಗುವಾಗ ಮಾತ್ರ ಅಂಗಿ ತೊಡುತ್ತಿದ್ದರು. ಅತ್ತೆಗೆ ಇದನ್ನೆಲ್ಲ ಕಂಡರೆ ಮೈ ಉರಿ. "ಲಿಂಗ ಕಟ್ಟೋರ ಮನೇಲಿ ನಾಕು ಟಗರಿನ ತಲೆ ಮಡಗವ್ರೆ. ಇನ್ನು ಮಸಾಲೆ ಅರೆಯೋದೊಂದು ಬಾಕಿ" ಅನ್ನುತ್ತಿದ್ದರು.

ಮದುವೆಯಾದ ಮೂರನೇ ತಿಂಗಳಿಗೆ ಶಿವರಾತ್ರಿ ಬಂತು. ಹೊಂಗಡಹಳ್ಳದ ಕಡೆಯ ಪ್ಲಾಂಟರ್ ಒಬ್ಬರು, ಮಾವನಂತೆಯೇ ಪಿಂಗಾಣಿ ಹುಚ್ಚಿನವರು, ಹಬ್ಬದ ಹಿಂದಿನ ದಿನ ಈ ಹೂದಾನಿಗಳ ಜೋಡಿ ನೋಡಲು ಬರುವವರಿದ್ದರು. ಅವರ ಹತ್ತಿರ ಇದ್ದದ್ದು ಒಂಟಿ ಹೂದಾನಿ. ವಾರದಿಂದ ಮಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ಬೆಳಿಗ್ಗೆ ನಾನು ಹಿತ್ತಲ ಕಲ್ಲಿನ ಮೇಲೆ ದೇವರ ಸಾಮಾನು ಉಜ್ಜುತ್ತಿದ್ದೆ. ದೀಪ, ಗಂಟೆ, ಚೊಂಬು ಎಲ್ಲ ಥಳಥಳ. ನನಗೆ ಮಾವನಿಂದ ಒಂದು ಶಹಬ್ಬಾಸ್ ಬೇಕಿತ್ತು. ಬಂದಾಗಿನಿಂದ ಒಂದೂ ಸಿಕ್ಕಿರಲಿಲ್ಲ. ಒಂದು ಹೂದಾನಿ ತಂದು, ಅದರ ಕಂಚಿಗೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಚೆನ್ನಾಗಿಯೇ ಹೊಳೆಯಿತು. ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟಾಗ ತಿಳಿಯಿತು. ಅದರ ಟಗರುಗಳು ಚಿನ್ನ. ನಾನು ತಿಕ್ಕಿದವು ನಮ್ಮ ಚೊಂಬಿನ ಅಣ್ಣತಮ್ಮಂದಿರು. ತಲೆಮಾರುಗಳಿಂದ ಉಳಿದು ಬಂದಿದ್ದ ಚಿನ್ನದ ನೀರನ್ನು ಅರ್ಧ ಗಂಟೆಯಲ್ಲಿ ಮೋರಿಗೆ ಹರಿಸಿದ್ದೆ.

ಅಷ್ಟರಲ್ಲಿ ಮಾವ ಕಣದಿಂದ ಬಂದರು. ಎರಡನ್ನೂ ನೋಡಿದರು.

"ಯಾರವ್ವ ಉಜ್ಜಿದ್ದು?"

"ನಾನೇ ಮಾವ."

ಅವರು ನಾನು ತಿಕ್ಕಿದ ಟಗರಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಹುಣಸೆಹಣ್ಣು ಇನ್ನೂ ಐತಾ?" ಅಂದರು.

ಕೊಟ್ಟೆ. ಪಂಚೆ ಎತ್ತಿ ಕಟ್ಟಿ ಕಲ್ಲಿನ ಮೇಲೆ ಕೂತರು. ಚಿನ್ನವಿದ್ದ ಹೂದಾನಿಯನ್ನು ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದರು. "ಬೇಡ ಮಾವ" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

"ಸುಮ್ನಿರವ್ವ. ಒಂದು ಹಂಗೆ ಒಂದು ಹಿಂಗೆ ಇದ್ರೆ, ಯಾರು ಉಜ್ಜಿದ್ದು ಅಂತ ಕೇಳ್ತಾರೆ. ಎರಡೂ ಒಂದೇ ತರ ಇದ್ರೆ, ಮನೆ ಪದ್ಧತಿ ಅಂದ್ಕತಾರೆ."

ಮಧ್ಯಾಹ್ನ ಬಂದ ಪ್ಲಾಂಟರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಇದ್ರ ಚಿನ್ನ ಎಲ್ಲೋಯ್ತು ಮಾರಾಯ?"

"ನಾನೇ ಉಜ್ಜಿಬುಟ್ಟೆ ಕಣೋ. ಶಿವರಾತ್ರಿ ಅಲ್ವಾ, ಕೈ ತಡೀಲಿಲ್ಲ" ಅಂದರು ಮಾವ.

ಪ್ಲಾಂಟರು ನಕ್ಕ ನಗುವಿಗೆ ಕಾಫಿ ಆರಿಹೋಯಿತು. ಮೊಬೈಲಿನಲ್ಲಿ ಫೋಟೋ ಹಿಡಿದು ಗೆಳೆಯರಿಗೆಲ್ಲ ಕಳಿಸಿದರು. ಸಕಲೇಶಪುರದ ಪೇಟೆಯಲ್ಲಿ ಮಾವ ಕಂಡರೆ ಸಾಕು, "ಹುಣಸೆಹಣ್ಣು ಬೇಕಾ?" ಎನ್ನುವವರು ಹುಟ್ಟಿಕೊಂಡರು. ಮಾವನೂ ಅವರ ಜೊತೆ ನಕ್ಕರು. ಅತ್ತೆಗೂ ಇವತ್ತಿನವರೆಗೆ ನಿಜ ಗೊತ್ತಿಲ್ಲ.

ಪದ್ಧತಿ ಅಂದ ಮೇಲೆ ಪದ್ಧತಿ. ಈಗ ಪ್ರತಿ ಶಿವರಾತ್ರಿಗೂ ನಾಲ್ಕು ಟಗರುಗಳು ಚೊಂಬಿನ ಜೊತೆ ಹಿತ್ತಲ ಕಲ್ಲಿಗೆ ಇಳಿಯುತ್ತವೆ. ಮಾವನಿಗೆ ಮಂಡಿನೋವು ಬಂದ ಮೇಲೆ ಎರಡೂ ನನ್ನ ಪಾಲಿಗೆ ಬಂದವು. ಆಗಲೇ ನಾನು ಕಂಡದ್ದು: ಅವರು ಉಜ್ಜಿದ ಹೂದಾನಿಯಲ್ಲಿ, ಗೋಡೆಯ ಕಡೆ ತಿರುಗಿರುವ ಒಂದೇ ಒಂದು ದ್ರಾಕ್ಷಿ ಎಲೆಯನ್ನು ಅವರು ಮುಟ್ಟಿರಲಿಲ್ಲ. ಅದರ ಚಿನ್ನ ಹಾಗೇ ಇತ್ತು.

ಕಂಡೆನೆಂದು ಅವರಿಗೆ ಹೇಳಿಲ್ಲ. ಆ ಎಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಉಳಿದದ್ದನ್ನು ಉಜ್ಜುತ್ತೇನೆ.