ಅಂಗಾಲಿಗೆ ಹಚ್ಚಿದ ಎಣ್ಣೆ

ಕಾರಿನ ಹುಚ್ಚು ನನಗೆ ಹಿಡಿದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಇದು ಹುಚ್ಚು ಹಿಡಿಯುವ ವಯಸ್ಸಲ್ಲ ಎಂದು ಹೆಂಡತಿ ಹೇಳಿದಳು, ನಾನು ಕೇಳಲಿಲ್ಲ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ಲೇತ್ ಮಷೀನುಗಳು, ಹದಿನೆಂಟು ಜನ ಕೆಲಸಗಾರರು, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ. ಮನೆ ಮಾತ್ರ ವರ್ತೂರಿನ ಅಪಾರ್ಟ್‌ಮೆಂಟಿನಲ್ಲಿ, ಹೆಂಡತಿಯ ಆಫೀಸು ಆ ಕಡೆ ಇರುವುದರಿಂದ. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಓಡಾಡುವ ನಾನು, ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದೆ. ನಾನೂರು ಕುದುರೆಗಳ ಶಕ್ತಿ. ಆ ನಾನೂರು ಕುದುರೆಗಳನ್ನೂ ಕಟ್ಟಿಕೊಂಡು ಮಾರತ್ತಹಳ್ಳಿಯಲ್ಲಿ ಯಾವುದೋ ಆಟೋ ಹಿಂದೆ ಮುಕ್ಕಾಲು ಗಂಟೆ ನಿಂತಿರುತ್ತಿದ್ದೆ. ನಗುವವರು ನಗಲಿ.

ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಗಳಿಗೇ ಹೋಗುವ ಕಾರು ಅದು. ಹಿಂದಿನ ಮಾಲೀಕ ಹಾಕಿಸಿದ್ದ ಟೈರುಗಳು ಒಣಗಿ ಕಲ್ಲಾಗಿದ್ದವು. ಒಂದು ಮಳೆಯ ಬೆಳಿಗ್ಗೆ ಹೆಬ್ಬಾಳದ ಫ್ಲೈಓವರ್ ಮೇಲೆ ಆಕ್ಸಿಲರೇಟರನ್ನು ಸ್ವಲ್ಪ ಜೋರಾಗಿ ಒತ್ತಿದ್ದಕ್ಕೇ ಕಾರಿನ ಹಿಂಭಾಗ ಎಡಕ್ಕೆ ಜಾರಿ ಮತ್ತೆ ನೆಟ್ಟಗಾಯಿತು. ಜೀವ ಬಾಯಿಗೆ ಬಂದಿತ್ತು. ರಸ್ತೆಯನ್ನು ಕಚ್ಚಿ ಹಿಡಿಯುವಂಥ ಟೈರು ಬೇಕೆಂದು ಅವತ್ತೇ ತೀರ್ಮಾನಿಸಿದೆ.

ಹದಿನೈದು ದಿನ ಅದೇ ಜಪ. ಊಟದ ತಟ್ಟೆಯ ಪಕ್ಕದಲ್ಲೂ ಮೊಬೈಲು. ಕಾರು ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ, ‘ರೇಸ್ ಟ್ರ್ಯಾಕ್ ಟೈರೇ ಹಾಕ್ಸು ಮಗಾ, ಗೋಂದು ಥರ ಅಂಟ್ಕೊಳತ್ತೆ’ ಎಂದು ಬರೆದ. ಅದನ್ನೇ ತಲೆಯಲ್ಲಿಟ್ಟುಕೊಂಡು, ಪಟ್ಟಿಯೊಂದನ್ನು ಪ್ರಿಂಟ್ ತೆಗೆದುಕೊಂಡು, ಶೆಡ್ಡಿನಿಂದ ಎರಡು ರಸ್ತೆ ಆಚೆಗಿದ್ದ ಟೈರ್ ಅಂಗಡಿಗೆ ಹೋದೆ.

ಅಂಗಡಿಯ ಯಜಮಾನರು ಕುಣಿಗಲ್ ಕಡೆಯವರು, ಅರವತ್ತು ದಾಟಿದವರು. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ನೀಲಿ ಶಟರು. ಪ್ರತಿ ಟೈರಿನ ಪಕ್ಕದಲ್ಲೂ ಅದು ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿಗಳಿರುತ್ತವೆ. ಬೇರೆ ಕಡೆ ಜನ ಬಗ್ಗಿ ಅದನ್ನು ನೋಡಿಯೇ ಟೈರು ತೆಗೆದುಕೊಳ್ಳುತ್ತಾರೆ. ಇವರ ಅಂಗಡಿಯಲ್ಲಿ ಯಾರೂ ಬಗ್ಗುತ್ತಿರಲಿಲ್ಲ. ಅವರು ಹೊಸದು ಎಂದರೆ ಹೊಸದು, ಅಷ್ಟೆ.

ನನ್ನ ಪಟ್ಟಿಯನ್ನು ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

“ಇದು ಟ್ರ್ಯಾಕಿನ ಟೈರು ಸಾರ್. ಗೀರೇ ಇಲ್ಲ ನೋಡಿ. ಮಳೆ ಬಂದ್ರೆ ನೀರು ಎಲ್ಲಿಗೆ ಓಗ್ಬೇಕು? ಮ್ಯಾಗೆ ಇದು ಕಾದ್ರೇನೇ ಇಡಿಯೋದು. ಜಾಮ್‌ನಾಗೆ ನಿಂತ್ಕಂಡ್ರೆ ಯಾವಾಗ ಕಾಯ್ತದೆ?”

“ಹಾಗಾದರೆ ಯಾವುದು ಹಾಕ್ಲಿ ಯಜಮಾನ್ರೇ? ಗಾಡಿ ಪವರ್ ಜಾಸ್ತಿ.”

“ರಬ್ಬರ್ ಮೆತ್ತಗಿರ್ಬೇಕು, ಗೀರೂ ಆಳಕ್ಕಿರ್ಬೇಕು. ಅಂಥದ್ದು ತರಿಸ್ಕೊಡ್ತೀನಿ. ಬೇಗ ಸವೀತದೆ, ಆಮೇಲೆ ನನ್ನ ಬೈಬ್ಯಾಡಿ.”

ಗುಂಪಿನಲ್ಲಿ ಜಂಬ ಕೊಚ್ಚಿಕೊಳ್ಳಲು ಅದು ಸಾಲದು ಎನಿಸಿದರೂ ಒಪ್ಪಿಕೊಂಡೆ. ಆಯುಧಪೂಜೆಗೆ ಮೂರು ದಿನ ಮುಂಚೆ ನಾಲ್ಕೂ ಟೈರು ಹಾಕಿದರು. ಬೀಗದ ಕೈ ಕೊಡುತ್ತಾ, “ಒಸಾ ಟೈರಿನ ಮ್ಯಾಲೆ ಜಿಡ್ಡಿರ್ತದೆ ಸಾರ್, ಮುನ್ನೂರು ಕಿಲೋಮೀಟ್ರು ಮೆಲ್ಲಗೆ ಓಡ್ಸಿ. ಅಬ್ಬಕ್ಕೆ ಪಾಲಿಶ್ ಹಚ್ಚೋದಾದ್ರೆ ಪಕ್ಕಕ್ಕೆ ಮಾತ್ರ ಹಚ್ಚಿ, ರೋಡಿಗೆ ತಾಗೋ ಕಡೆ ಬ್ಯಾಡ. ಮುಖಕ್ಕೆ ಪೌಡರ್ ಆಕ್ಕಳಿ, ಅಂಗಾಲಿಗೆ ಎಣ್ಣೆ ಹಚ್ಕಂಡು ಓಡಬ್ಯಾಡಿ” ಎಂದರು. ನಾನು ನಕ್ಕೆ. ಹಬ್ಬಕ್ಕೆ ನೀವೂ ಬನ್ನಿ ಎಂದು ಕರೆದು ಬಂದೆ.

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಸುಮ್ಮನೆ ಅಲ್ಲ. ಹಿಂದಿನ ದಿನ ಮಷೀನುಗಳನ್ನೆಲ್ಲ ಸೀಮೆಎಣ್ಣೆ ಹಾಕಿ ಒರೆಸಿ, ಲೇತಿನ ತಲೆಗೂ ವಿಭೂತಿ ಬಳಿಯುತ್ತೇವೆ. ಕೆಲಸಗಾರರು ಒರೆಸುವುದರಲ್ಲಿದ್ದಾಗ ನಾನು ನನ್ನ ಕಾರಿನ ಮುಂದೆ ಕೂತೆ. ಟೈರಿನ ಪಕ್ಕಕ್ಕೆ ಪಾಲಿಶ್ ಹಚ್ಚಿದೆ, ಕನ್ನಡಿಯಂತೆ ಹೊಳೆಯಿತು. ಅದರ ಪಕ್ಕದಲ್ಲಿ, ರಸ್ತೆಗೆ ತಾಗುವ ಭಾಗ ವರ್ತೂರಿನಿಂದ ಬಂದ ಧೂಳಿಗೆ ಬೂದಿ ಬಣ್ಣ ತಿರುಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ! ಅಲ್ಲಿಗೂ ಹಚ್ಚಿದೆ. ಕಾರನ್ನು ಒಂದಿಷ್ಟು ಮುಂದೆ ತಳ್ಳಿ ಉಳಿದ ಭಾಗಕ್ಕೂ ಹಚ್ಚಿದೆ. ಡಬ್ಬಿ ಖಾಲಿಯಾಯಿತು. ಯಜಮಾನರ ಮಾತು ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಇವರಿಗೇನು ಗೊತ್ತು ಎನ್ನುವ ಧಿಮಾಕೂ ಇತ್ತು.

ರಾತ್ರಿ ಕಾರನ್ನು ಶೆಡ್ಡಿನಲ್ಲೇ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಗೇಟಿಗೆ ಬಾಳೆಕಂದು ಕಟ್ಟಿ, ಪೂಜೆ ಮುಗಿಸಿ, ಗೇಟಿನ ಮುಂದೆ ಬೂದುಗುಂಬಳ ಒಡೆದರು. ಕುಂಕುಮದ ನೀರು, ಕುಂಬಳದ ತಿರುಳು ಕಾಂಕ್ರೀಟಿನ ಮೇಲೆಲ್ಲ ಹರಡಿತ್ತು. ಕೆಲಸಗಾರರ ಮನೆಯವರೂ ಬಂದಿದ್ದರು. ಯಜಮಾನರು ಬಿಳಿ ಅಂಗಿ ಹಾಕಿಕೊಂಡು ಬಂದು ಮೂಲೆಯಲ್ಲಿ ನಿಂತಿದ್ದರು. ಹೆಂಡತಿ ಆರತಿ ಎತ್ತಿ, ತಟ್ಟೆ ಹಿಡಿದುಕೊಂಡು ಗೇಟಿನ ಕಂಬದ ಕಡೆ ಸರಿದಳು. ಗೇಟಿನ ಬಳಿ ನಿಲ್ಲಿಸಿದ್ದ ಕಾರಿನ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು, ಒಳಗೆ ನಾನು. ಮೊಬೈಲುಗಳು ಮೇಲೆದ್ದವು.

“ಸಾರ್, ಒಂದ್ಸಲ ಜೋರಾಗಿ ರೇಸ್ ಕೊಡಿ ಸಾರ್!” ಎಂದು ಯಾರೋ ಕೂಗಿದರು.

ಕೊಟ್ಟೆ. ನಿಂಬೆಹಣ್ಣು ಪಚಕ್ ಎಂದದ್ದು ಗೊತ್ತು. ಮರುಕ್ಷಣ ಕಾರಿನ ಹಿಂಭಾಗ ಗಿರ್ರನೆ ಪಕ್ಕಕ್ಕೆ ತಿರುಗಿ ಗೇಟಿನ ಕಂಬಕ್ಕೆ ಬಡಿಯಿತು. ಆರತಿ ತಟ್ಟೆ ನೆಲಕ್ಕೆ ಬಿದ್ದು ಉರುಳುತ್ತಿತ್ತು. ಹೆಂಡತಿ ಕಂಬದಿಂದ ಒಂದು ಮೊಳ ದೂರದಲ್ಲಿದ್ದಳು. ಶಿವನೇ, ಒಂದೇ ಮೊಳ.

ಅವಳಿಗೆ ಏನೂ ಆಗಿರಲಿಲ್ಲ. ನಾನು ಕಾರಿನಿಂದಿಳಿದು ಮೊದಲು ಅವಳ ಹತ್ತಿರ ಹೋಗಬೇಕಿತ್ತು. ಹೋದದ್ದು ಯಜಮಾನರ ಹತ್ತಿರ.

“ಎಷ್ಟು ವರ್ಷದ ಹಳೇ ಮಾಲು ತಂದು ಹಾಕಿದ್ದೀರ್ರೀ? ನನ್ನ ಹೆಂಡ್ತಿ ಸಾಯ್ತಿದ್ಲು! ಮೂವತ್ತು ವರ್ಷ ಹೀಗೇ ಟೋಪಿ ಹಾಕ್ಕೊಂಡು ಬಂದಿದ್ದೀರಾ?”

ಇನ್ನೂ ಏನೇನೋ ಬಾಯಿಗೆ ಬಂದಂತೆ ಅಂದೆ. ಅವರು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಟೈರಿನ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಗೆ ಹೊಳೆಯಿತು. ಮೂಗಿನ ಹತ್ತಿರ ಹಿಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು, ಅವರಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಹೊಸ ಬಿಳಿ ಅಂಗಿಯ ಅಂಚಿಗೇ ಬೆರಳು ಒರೆಸಿಕೊಂಡು ಎದ್ದರು.

“ತಪ್ಪಾಯ್ತು ಸಾರ್. ನಾಳೆ ಗಾಡಿ ಕಳ್ಸಿ, ನೋಡ್ತೀನಿ.”

ನನ್ನ ಕೆಲಸಗಾರರ ಮುಂದೆ ನನ್ನ ಮರ್ಯಾದೆ ಉಳಿಸಲು ತಮ್ಮದನ್ನು ಬಿಟ್ಟುಕೊಟ್ಟರು. ಕಡ್ಲೆಪುರಿ ಪೊಟ್ಟಣವನ್ನೂ ತೆಗೆದುಕೊಳ್ಳದೆ ಹೋದರು. ಗಾಡಿಯನ್ನು ನಾನು ಕಳಿಸಲಿಲ್ಲ. ಮಾರನೆಯ ದಿನ ನಾನೇ ಸೋಪು ನೀರು ಹಾಕಿ ಟೈರು ತಿಕ್ಕಿ ತೊಳೆದೆ. ಥೂ, ತೊಳೆಯುವಷ್ಟು ಬುದ್ಧಿ ಇತ್ತು, ಹೇಳುವಷ್ಟು ಇರಲಿಲ್ಲ.

ಮೊಬೈಲಿನ ವಿಡಿಯೋ ಪೀಣ್ಯದ ಗುಂಪುಗಳಲ್ಲೆಲ್ಲ ಓಡಾಡಿತು. ಅದರಲ್ಲಿ ಕಾರು ಜಾರುವುದಿತ್ತು, ನನ್ನ ಬೈಗುಳವಿತ್ತು, ಕೊನೆಗೆ ಯಜಮಾನರ ‘ತಪ್ಪಾಯ್ತು’ ಇತ್ತು. ಅದು ನನ್ನ ಗುಂಪಿಗೂ ಬಂತು. ‘ತಪ್ಪು ನನ್ನದು’ ಎಂದು ಟೈಪ್ ಮಾಡಿ ಅಳಿಸಿದೆ, ಎರಡು ಸಲ.

ನಾಲ್ಕು ತಿಂಗಳ ನಂತರ ಕಾರು ಒಂದು ಕಡೆ ಎಳೆಯತೊಡಗಿದಾಗ ಗಟ್ಟಿ ಮನಸ್ಸು ಮಾಡಿ ಅವರ ಅಂಗಡಿಗೇ ಹೋದೆ. ಮೊದಲು ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ಒಂದೇ ಒಂದು ವ್ಯಾನು. ಗೋಡೆಯ ಮೇಲೆ ಕೈಬರಹದ ಹೊಸ ಬೋರ್ಡು: ‘ಟೈರು ತಯಾರಾದ ವಾರ, ವರ್ಷ ನೋಡಿಯೇ ಹಾಕಿಸಿಕೊಳ್ಳಿ.’ ವ್ಯಾನಿನವನು ಬಗ್ಗಿ, ಟಾರ್ಚು ಬಿಟ್ಟು ಅಂಕಿ ಓದುತ್ತಿದ್ದ. ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಸಾರ್, ಇಲ್ಲಿ ಹಳೇ ಮಾಲು ಕೊಡ್ತಾರೆ ಅಂತಾರಲ್ಲ, ನಿಜಾನಾ?” ಎಂದು ಕೇಳಿದ.

ಯಜಮಾನರು ಎರಡೇ ಹೆಜ್ಜೆ ದೂರದಲ್ಲಿದ್ದರು.

“ನಂಗೊತ್ತಿಲ್ಲ ಗುರು” ಎಂದೆ.

ಅವರು ನನ್ನ ಕಾರಿನ ಕೆಲಸ ಮುಗಿಸಿ, ಟೈರನ್ನು ಮುಟ್ಟಿ ನೋಡಿ, “ಜಿಡ್ಡೆಲ್ಲಾ ಓಗ್ಯದೆ ಸಾರ್, ಈಗ ಚೆನ್ನಾಗಿ ಇಡ್ಕಂತದೆ” ಎಂದರಷ್ಟೇ. ಮನೆಗೆ ಬಂದು ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡಳು.

“ಬೈದಿದ್ದು ಊರೋರ ಮುಂದೆ. ಒಪ್ಕೊಳ್ಳೋದು ನನ್ನೊಬ್ಬಳ ಮುಂದೇನಾ?” ಎಂದಳು.

ಉತ್ತರ ಕೊಡಲು ನನಗೆ ಮುಂದಿನ ಆಯುಧಪೂಜೆಯವರೆಗೆ ಬೇಕಾಯಿತು. ಮಂಗಳಾರತಿ ಆದ ಮೇಲೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ: ಟೈರು ಹೊಸದೇ ಇತ್ತು, ಬೇಡವೆಂದರೂ ಪಾಲಿಶ್ ಹಚ್ಚಿದವನು ನಾನು, ಬೈಸಿಕೊಂಡವರು ಟೈರ್ ಅಂಗಡಿಯ ಯಜಮಾನರು. ಯಾರೂ ಆಶ್ಚರ್ಯಪಡಲಿಲ್ಲ. ನಮ್ಮ ಹಿರಿಯ ಲೇತ್ ಕೆಲಸಗಾರ ನೆಲ ನೋಡುತ್ತಾ, “ಗೊತ್ತಿತ್ತು ಸಾರ್. ನೀವು ಡಬ್ಬಿ ಖಾಲಿ ಮಾಡಿದ್ದು ನಾವೆಲ್ಲಾ ನೋಡಿದ್ವಲ್ಲ. ಹೇಳಿದ್ರೆ ನಿಮ್ಗೆ ಬೇಜಾರಾಗುತ್ತೆ ಅಂತ ಸುಮ್ನಿದ್ವಿ” ಎಂದ.

ಒಂದು ವರ್ಷ ನಾನು ಯಾರಿಂದ ಏನನ್ನು ಮುಚ್ಚಿಟ್ಟಿದ್ದೆನೋ! ಅವರೆಲ್ಲ ದಿನಾ ನಮಸ್ಕಾರ ಹೊಡೆಯುತ್ತಲೇ ನನ್ನನ್ನು ಅಳೆಯುತ್ತಿದ್ದರು.

ಎಲ್ಲರೂ ಕೂಡಿ ಕಡ್ಲೆಪುರಿ ಹಿಡಿದುಕೊಂಡು ಅಂಗಡಿಗೆ ಹೋದೆವು. ಅಲ್ಲಿದ್ದ ಗಿರಾಕಿಗಳ ಮುಂದೆ ಇನ್ನೊಮ್ಮೆ ಅದನ್ನೇ ಹೇಳಿದೆ, ಅದರ ವಿಡಿಯೋ ಮಾಡಿಸಿ ಗುಂಪುಗಳಿಗೂ ಹಾಕಿದೆ. ಹಳೆಯದು ಓಡಿದಷ್ಟು ಇದು ಓಡಲಿಲ್ಲ. ಯಜಮಾನರು ಪೊಟ್ಟಣ ತೆಗೆದುಕೊಂಡು, “ಬಿಡಿ ಸಾರ್, ಅಬ್ಬದ ದಿನ” ಎಂದರು.

“ಆ ಬೋರ್ಡ್ ತೆಗೆದುಬಿಡಿ ಯಜಮಾನ್ರೇ.”

“ಇರ್ಲಿ ಸಾರ್. ಈಗ ಎಲ್ಲಾರೂ ನೋಡೇ ಆಕಿಸ್ಕಳೋದು.”

ಈ ವರ್ಷ ಆ ಟೈರುಗಳು ಸವೆದವು, ಅವರು ಮೊದಲೇ ಹೇಳಿದ್ದ ಹಾಗೆ ಬೇಗನೆ. ಅಂಥವೇ ನಾಲ್ಕು ತರಿಸಿದರು. ನಾನು ಏನೂ ಕೇಳಲಿಲ್ಲ. ಅವರೇ ಮಂಡಿ ಊರಿ, ಟಾರ್ಚು ಹಿಡಿದು, ಒಂದೊಂದೇ ಟೈರಿನ ನಾಲ್ಕು ಅಂಕಿಗಳನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು.

“ನೀವೂ ಒಂದ್ಸಲ ಬಗ್ಗಿ ನೋಡ್ಕಳಿ ಸಾರ್” ಎಂದರು.